ತೆಳುಕೊಕ್ಕಿನ ಗಲ್ ಹುಡುಕಿದ ಚಳಿಗಾಲ

ಡಿಸೆಂಬರ್ ಮೊದಲ ವಾರ ಸ್ನೇಹಿತರೊಬ್ಬರು ಫೋನ್ ಮಾಡಿದರು. ಸಂಜೆ ಅಳಿವೆಯ ಮರಳದಿಬ್ಬದ ಮೇಲೆ ಗಲ್ ಅನ್ನುವ ಕಡಲತೀರದ ಹಕ್ಕಿಗಳ ಗುಂಪು ಕೂತಿತ್ತಂತೆ. ಅದರೊಳಗೆ ಒಂದು ಹಕ್ಕಿಯ ತಲೆ ಪೂರ್ತಿ ಬೆಳ್ಳಗೆ, ಕೊಕ್ಕು ಉದ್ದ. "ತೆಳುಕೊಕ್ಕಿನ ಗಲ್ ಇರಬೇಕು ಕಣ್ರೀ," ಅಂದರು. ಫೋಟೊ ತೆಗೆಯುವಷ್ಟು ಬೆಳಕಿರಲಿಲ್ಲ. ಅವರು ಸುಮ್ನೆ ಹಾಗೆಲ್ಲ ಹೇಳುವವರಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಲ್ಲಿಂದ ಮಾರ್ಚ್ ಮೊದಲ ವಾರದವರೆಗೆ ಒಂಬತ್ತು ಭಾನುವಾರ ಆ ಅಳಿವೆಗೆ ಹೋದೆ.

ಇಂಗ್ಲಿಷಿನಲ್ಲಿ ಇದಕ್ಕೆ ಸ್ಲೆಂಡರ್ ಬಿಲ್ಡ್ ಗಲ್ ಅಂತಾರೆ. ಮರಿ ಮಾಡುವುದು ಮೆಡಿಟರೇನಿಯನ್, ಕಪ್ಪು ಸಮುದ್ರ, ಪರ್ಷಿಯನ್ ಕೊಲ್ಲಿಯಂಥ ಕಡೆ. ಚಳಿಗಾಲದಲ್ಲಿ ಗುಜರಾತಿನ ಜಾಮ್‌ನಗರದ ತೀರಕ್ಕೆ ಹೋದರೆ ಇದನ್ನು ಹುಡುಕುವ ಕೆಲಸವೇ ಇಲ್ಲ, ಕಣ್ಣೆದುರಿಗೇ ಈಜುತ್ತಿರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಬಂದ ಹಾಗೆ ಕಡಿಮೆಯಾಗುತ್ತದೆ. ನಾನು ಹೋಗುವ ತೀರದಲ್ಲಿ ತುಂಬಾ ಅಪರೂಪ. ಜಾಮ್‌ನಗರಕ್ಕೇ ಹೋಗಿ ನೋಡಬಹುದಲ್ವಾ ಅಂತ ಮನೆಯಲ್ಲಿ ಕೇಳಿದರು. ನೋಡಬಹುದು. ಆದರೆ ನಾನು ವರ್ಷಗಟ್ಟಲೆ ನಿಂತು ನೋಡಿದ ದಿಬ್ಬಕ್ಕೆ ಅದು ತಾನಾಗಿ ಬಂದಿದೆ ಅನ್ನುವುದು ನನಗೆ ದೊಡ್ಡ ವಿಷಯ.

ಅದು ಒಂಟಿಯಾಗಿ ಬಂದರೂ ಒಂಟಿಯಾಗಿ ಕೂರುವುದಿಲ್ಲ. ಕಂದುತಲೆ ಗಲ್, ಕಪ್ಪುತಲೆ ಗಲ್‌ಗಳ ನಡುವೆ ಸೇರಿಕೊಳ್ಳುತ್ತದೆ. ಕಂದುತಲೆಯವು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಿಂದ ಇಳಿದು ಬರುವ ಹಕ್ಕಿಗಳು. ಕಪ್ಪುತಲೆಯವು ಯುರೋಪು ಮತ್ತು ಉತ್ತರ ಏಷ್ಯಾದವು. ಬೇಸಿಗೆಯಲ್ಲಿ ಎರಡಕ್ಕೂ ಗಾಢ ಕಂದು ಟೋಪಿ ಇರುತ್ತದೆ. ಚಳಿಗಾಲಕ್ಕೆ ಅದು ಹೋಗಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಉಳಿಯುತ್ತದೆ. ತೆಳುಕೊಕ್ಕಿಗೆ ಯಾವ ಕಾಲದಲ್ಲೂ ಟೋಪಿ ಇಲ್ಲ. ಚಳಿಗಾಲದಲ್ಲಿ ಕೆಲವಕ್ಕೆ ಮಸುಕಾದ ಬೂದು ಚುಕ್ಕೆ ಇರಬಹುದು, ಅಷ್ಟೇ. ಅಂದರೆ ಮುನ್ನೂರು ಬಿಳಿ ತಲೆಗಳಲ್ಲಿ ಚುಕ್ಕೆ ಇಲ್ಲದ ಒಂದು ತಲೆ ಹುಡುಕಬೇಕು. ಅದರಲ್ಲೂ ಅರ್ಧಕ್ಕರ್ಧ ಹಕ್ಕಿಗಳು ಕೊಕ್ಕನ್ನು ಬೆನ್ನಿನ ಗರಿಯೊಳಗೆ ಇಟ್ಟು ನಿದ್ದೆ ಮಾಡುತ್ತಿರುತ್ತವೆ.

ಮೊದಲ ತಿಂಗಳು ನೀರಿನ ಲೆಕ್ಕ ಹಿಡಿಯುವುದರಲ್ಲೇ ಹೋಯಿತು. ಇಳಿತದಲ್ಲಿ ಗಲ್‌ಗಳು ಕೆಸರು, ಕಾಲುವೆ, ದೋಣಿಗಳ ಹಿಂದೆ ಅಂತ ಕಿಲೋಮೀಟರುಗಟ್ಟಲೆ ಚೆದುರಿರುತ್ತವೆ. ಉಬ್ಬರ ಏರಿ ಕೆಸರೆಲ್ಲ ಮುಚ್ಚಿದ ಮೇಲೆ ಆ ಒಂದೇ ದಿಬ್ಬಕ್ಕೆ ಬಂದು ಒತ್ತೊತ್ತಾಗಿ ನಿಲ್ಲುತ್ತವೆ. ನೀರು ತುಂಬುವ ಮುಂಚಿನ ಎರಡು ಗಂಟೆಯೇ ನೋಡುವ ಹೊತ್ತು. ಆದರೆ ಉಬ್ಬರ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ವಾರಕ್ಕೆ ಹೆಚ್ಚುಕಡಿಮೆ 6 ಗಂಟೆ. ಈ ಭಾನುವಾರ ಬೆಳಿಗ್ಗೆ ಎಂಟಕ್ಕೆ ಉಬ್ಬರ ಇದ್ದರೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ಇಳಿತ. ಇದು ತಲೆಗೆ ಹೋಗುವ ಮುಂಚೆ ಡಿಸೆಂಬರಿನ ನಾಲ್ಕೂ ಭಾನುವಾರ ಹೋದೆ. ಎರಡು ಸಲ ಖಾಲಿ ದಿಬ್ಬ ನೋಡಿಕೊಂಡು ಬಂದೆ. ಆಮೇಲೆ ವಾರ ಬಿಟ್ಟು ವಾರ ಹೋಗತೊಡಗಿದೆ. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ನೀರು ಇನ್ನೂ ಮೇಲೇರಿ ದಿಬ್ಬವೇ ಮುಳುಗುತ್ತದೆ. ಆಗ ಹಕ್ಕಿಗಳು ಎದ್ದು ಬೇರೆ ಕಡೆ ಹೋಗುತ್ತವೆ. ದೊಡ್ಡ ಉಬ್ಬರಕ್ಕಿಂತ ಮಧ್ಯಮ ಉಬ್ಬರವೇ ನನಗೆ ಒಳ್ಳೆಯದಾಯಿತು.

ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಕೂತ ಗಲ್‌ಗಳೆಲ್ಲ ಗಾಳಿಗೆ ಮುಖ ಮಾಡಿ ನಿಲ್ಲುತ್ತವೆ. ಬೆಳಗಿನ ಜಾವ ನೆಲದಿಂದ ಕಡಲ ಕಡೆಗೆ ಗಾಳಿ ಬೀಸುತ್ತದೆ, ಹಾಗಾಗಿ ಎಲ್ಲ ಮುಖಗಳೂ ದಡದಲ್ಲಿರುವ ನಮ್ಮ ಕಡೆಗೇ. ನೇರ ಎದುರಿನಿಂದ ನೋಡಿದರೆ ಕೊಕ್ಕಿನ ಉದ್ದ ಗೊತ್ತಾಗುವುದಿಲ್ಲ. ಒಂದು ಐವತ್ತು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಿಂದ ನೋಡಬೇಕು. ಹತ್ತು ಗಂಟೆ ದಾಟಿದರೆ ಮರಳು ಕಾದು ಝಳ ಏಳುತ್ತದೆ. ಆಮೇಲೆ ಸ್ಕೋಪನ್ನು (ಹಕ್ಕಿ ನೋಡುವ ದೂರದರ್ಶಕ) 60 ಪಟ್ಟು ದೊಡ್ಡದಾಗಿ ಕಾಣುವವರೆಗೆ ತಿರುಗಿಸಿ ಪ್ರಯೋಜನವಿಲ್ಲ, ಕುಣಿಯುವ ಬಿಳಿ ಬಣ್ಣ ಮಾತ್ರ ಕಾಣುತ್ತದೆ. ನಾನು 30ರಲ್ಲೇ ಇಟ್ಟು, ಎಡದ ತುದಿಯಿಂದ ಒಂದೊಂದೇ ಹಕ್ಕಿಯನ್ನು ನೋಡುತ್ತಾ ಬಲಕ್ಕೆ ಹೋಗುತ್ತಿದ್ದೆ. ಜೊತೆಗೆ ಎಣಿಕೆ. ಕಂದುತಲೆ ಎಷ್ಟು, ಕಪ್ಪುತಲೆ ಎಷ್ಟು, ಬಾಲದ ತುದಿಗೆ ಕಪ್ಪು ಪಟ್ಟಿ ಇರುವ ಮೊದಲ ವರ್ಷದವು ಎಷ್ಟು, ರೀವ (ಟರ್ನ್) ಹಕ್ಕಿಗಳು ಎಷ್ಟು. ಎಣಿಸದೆ ಬರೀ ಹುಡುಕಿದರೆ ಕಣ್ಣು ಜಾರಿಬಿಡುತ್ತದೆ. ಎಣಿಸಿದರೆ ಪ್ರತಿ ಹಕ್ಕಿಯ ಮುಂದೆಯೂ ಒಂದು ಕ್ಷಣ ನಿಲ್ಲಲೇಬೇಕು.

ಜನವರಿಯ ಎರಡನೇ ಸಲ ಹೋದಾಗ "ಸಿಕ್ಕಿತು" ಅಂದುಕೊಂಡೆ. ದಿಬ್ಬದ ಅಂಚಿನಲ್ಲಿ ಒಂದು ಹಕ್ಕಿ. ಕಣ್ಣಿನ ಹಿಂದಿನ ಚುಕ್ಕೆ ಇದೆಯೋ ಇಲ್ಲವೋ ಅನ್ನುವಷ್ಟು ಮಸುಕು. ಕೊಕ್ಕು ಉದ್ದ ಅನ್ನಿಸಿತು. ಕಣ್ಣು ಬಿಳಿ. ಕಪ್ಪುತಲೆ ಗಲ್‌ನ ಕಣ್ಣು ಕಪ್ಪು, ತೆಳುಕೊಕ್ಕಿನದು ತಿಳಿ ಬಣ್ಣ. ಎದೆ ಡವಡವ ಅನ್ನತೊಡಗಿತು. ಫೋನ್ ತೆಗೆದು ಸ್ನೇಹಿತರಿಗೆ ಹೇಳಿಯೂಬಿಟ್ಟೆ. ಅವರು ಒಂದೇ ಪ್ರಶ್ನೆ ಕೇಳಿದರು: "ರೆಕ್ಕೆ ನೋಡಿದ್ರಾ?"

ನೋಡಿರಲಿಲ್ಲ. ಪೂರ್ತಿ ಬೆಳೆದ ಕಂದುತಲೆ ಗಲ್‌ಗೂ ಕಣ್ಣು ಬಿಳಿಯೇ. ಅದು ನನಗೆ ಗೊತ್ತಿದ್ದ ಸಂಗತಿ. ಆದರೆ ಬೇಕು ಬೇಕು ಅಂತ ಕಾಯುತ್ತಿದ್ದ ಮನಸ್ಸು ಅದನ್ನು ಆಚೆ ತಳ್ಳಿಬಿಟ್ಟಿತ್ತು. ಇಪ್ಪತ್ತೈದು ನಿಮಿಷ ಕಾದೆ. ಹಕ್ಕಿ ಎದ್ದು ರೆಕ್ಕೆ ಬಿಚ್ಚಿತು. ತುದಿ ಅಗಲಕ್ಕೆ ಕಪ್ಪು, ಆ ಕಪ್ಪಿನೊಳಗೆ ಕನ್ನಡಿಯಂಥ ಬಿಳಿ ಮಚ್ಚೆ. ಕಂದುತಲೆ ಗಲ್. ತೆಳುಕೊಕ್ಕಿನದಾಗಿದ್ದರೆ ರೆಕ್ಕೆಯ ಮುಂದಿನ ಅಂಚಿನಲ್ಲಿ ಬಿಳಿ ಪಟ್ಟಿ ಹೊಳೆಯುತ್ತಿತ್ತು, ಕಪ್ಪು ಬಣ್ಣ ಗರಿಗಳ ತುದಿಯಲ್ಲಿ ಮಾತ್ರ ಇರುತ್ತಿತ್ತು. ಅವತ್ತಿನಿಂದ ನಾನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ: ಕಣ್ಣು, ಹಣೆ, ಕೊಕ್ಕು, ರೆಕ್ಕೆ. ನಾಲ್ಕೂ ಸಿಗುವವರೆಗೆ ಯಾರಿಗೂ ಫೋನ್ ಇಲ್ಲ.

ಫೆಬ್ರವರಿಯ ಒಂದು ಭಾನುವಾರ ಬೇರೆ ಥರ ಹಾಳಾಯಿತು. ಗುಂಪಿನ ಅರ್ಧ ಭಾಗ ನೋಡಿ ಮುಗಿಸಿದ್ದೆ. ಕ್ಯಾಮೆರಾ ಹಿಡಿದ ಒಬ್ಬರು ಮೊಣಕಾಲುದ್ದ ನೀರಲ್ಲಿ ದಿಬ್ಬದ ಕಡೆ ನಡೆದರು. ಕೂಗಿ ಹೇಳಿದೆ, ಕೇಳಿಸಲಿಲ್ಲ. ಇಡೀ ಗುಂಪು ಎದ್ದು ಹೋಯಿತು. ನನ್ನ ಎಣಿಕೆ ಹೋದದ್ದಕ್ಕಿಂತ ಜಾಸ್ತಿ ಬೇಸರವಾದದ್ದು ಬೇರೆಯದಕ್ಕೆ. ಉಬ್ಬರದ ಹೊತ್ತು ಆ ಹಕ್ಕಿಗಳಿಗೆ ವಿಶ್ರಾಂತಿಯ ಹೊತ್ತು. ಇನ್ನು ಕೆಲವು ವಾರದಲ್ಲಿ ಹಿಮಾಲಯ ದಾಟಬೇಕಾದ ಹಕ್ಕಿಗಳೂ ಅದರಲ್ಲಿರುತ್ತವೆ. ಒಮ್ಮೆ ಎಬ್ಬಿಸಿದರೆ ಅವು ಕೂಡಿಟ್ಟ ಕೊಬ್ಬು ಸುಮ್ನೆ ಖರ್ಚಾಗುತ್ತದೆ. ಆಮೇಲೆ ಅವರನ್ನು ಕರೆದು ಸ್ಕೋಪಿನಲ್ಲಿ ತೋರಿಸಿದೆ. ದಡದಿಂದಲೇ ಇಷ್ಟು ಚೆನ್ನಾಗಿ ಕಾಣುತ್ತದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಅಂಥ ದಿನಗಳಲ್ಲಿ ನನಗೆ ನೆನಪಾಗುವುದು ನ್ಯೂಬರಿಪೋರ್ಟ್. 1975ರ ಚಳಿಗಾಲದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಆ ಬಂದರಿಗೆ ಒಂದು ರಾಸ್ ಗಲ್ ಬಂದಿತ್ತು. ಸೈಬೀರಿಯದ ಉತ್ತರದಲ್ಲಿ ಮರಿ ಮಾಡಿ ಹಿಮದ ಕಡಲಿನಲ್ಲೇ ಇರುವ ಹಕ್ಕಿ ಅದು. ಅದೊಂದನ್ನು ನೋಡಲು ಸಾವಿರಾರು ಜನ ಕೊರೆಯುವ ಚಳಿಯಲ್ಲಿ ಬಂದು ನಿಂತಿದ್ದರು. ನಮ್ಮ ದಿಬ್ಬದ ಮುಂದೆ ನಾವು ಇಬ್ಬರೋ ಮೂವರೋ. ಆದರೂ ಅವರು ಯಾಕೆ ನಿಂತರು ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಸಹಾಯ ಕೊನೆಗೆ ಬಂದದ್ದು ಕಾಲದಿಂದ. ಫೆಬ್ರವರಿ ಮುಗಿಯುವಾಗ ಪೂರ್ತಿ ಬೆಳೆದ ಹಕ್ಕಿಗಳಿಗೆ ಮತ್ತೆ ಟೋಪಿ ಬರತೊಡಗುತ್ತದೆ. ಮೊದಲು ತಲೆಯಲ್ಲಿ ಕಂದು ಕಲೆಗಳು, ಆಮೇಲೆ ಮುಖ ಪೂರ್ತಿ. ಮಾರ್ಚ್ ಮೊದಲ ಭಾನುವಾರ ದಿಬ್ಬದ ಮೇಲೆ 212 ಗಲ್‌ಗಳಿದ್ದವು. ಬೆಳೆದ ಹಕ್ಕಿಗಳಲ್ಲಿ ಬಹುಪಾಲು ತಲೆ ಕಂದಾಗಿತ್ತು. ಇನ್ನೂ ತಲೆ ಬಿಳಿಯಾಗಿದ್ದವನ್ನು ಒಂದೊಂದಾಗಿ ನೋಡುತ್ತಾ ಹೋದೆ. ಹೆಚ್ಚಿನವು ಮೊದಲ ವರ್ಷದವು, ರೆಕ್ಕೆಯಲ್ಲಿ ಕಂದು ಗರಿ, ಬಾಲದಲ್ಲಿ ಕಪ್ಪು ಪಟ್ಟಿ.

ಅದು ದಿಬ್ಬದ ಮೇಲಿರಲಿಲ್ಲ. ದಿಬ್ಬದ ಬಲಕ್ಕೆ, ತಿಳಿ ನೀರಿನಲ್ಲಿ ಈಜುತ್ತಿತ್ತು. ಕತ್ತು ಮೇಲಕ್ಕೆ ಚಾಚಿ, ಸುತ್ತ ನೋಡಿ, ಮತ್ತೆ ಬಾಗಿ ನೀರಿನಿಂದ ಏನನ್ನೋ ಹೆಕ್ಕುತ್ತಿತ್ತು. ಆ ಕತ್ತಿನ ಉದ್ದ ನೋಡಿದೊಡನೆ ಇದು ಬೇರೆ ಅಂತ ಗೊತ್ತಾಯಿತು. ಆದರೂ ಪುಸ್ತಕ ತೆಗೆದೆ. ಕಣ್ಣು ತಿಳಿ. ಹಣೆ ಉಬ್ಬಿಲ್ಲ, ನೆತ್ತಿಯಿಂದ ಇಳಿಜಾರಾಗಿ ಕೊಕ್ಕಿಗೆ ಸೇರುತ್ತದೆ. ಕೊಕ್ಕು ಗಾಢ ಕೆಂಪು, ದೂರಕ್ಕೆ ಕಪ್ಪೇ. ಹೆಸರಿನಲ್ಲಿ ತೆಳು ಅಂತಿದ್ದರೂ ಕಣ್ಣಿಗೆ ಬೀಳುವುದು ಉದ್ದ. ಎದೆಗೆ ನಸುಗುಲಾಬಿ ಬಣ್ಣ ಹತ್ತಿತ್ತು, ಯಾವ ಚಿತ್ರದಲ್ಲೂ ಅದು ಅಷ್ಟು ಮೆತ್ತಗೆ ಕಂಡಿರಲಿಲ್ಲ. ರೆಕ್ಕೆಗಾಗಿ ಹದಿನಾಲ್ಕು ನಿಮಿಷ ಕಾದೆ. ಒಂದು ದೋಣಿ ಹಾದುಹೋದಾಗ ಎದ್ದು ಹತ್ತು ಮಾರು ಹಾರಿ ಕೂತಿತು. ಮುಂದಿನ ಅಂಚಿನಲ್ಲಿ ಉದ್ದಕ್ಕೆ ಬಿಳಿ. ಕಪ್ಪು ಬಣ್ಣ ತುದಿಯಲ್ಲಿ ಮಾತ್ರ.

ಆಗ ಫೋನ್ ಮಾಡಿದೆ. ಸ್ನೇಹಿತರು ನಲವತ್ತು ನಿಮಿಷದಲ್ಲಿ ಬಂದರು. ಓಡಿ ಬಂದು ಏದುಸಿರು ಬಿಡುತ್ತಿದ್ದರು. ಸ್ಕೋಪಿಗೆ ಕಣ್ಣಿಟ್ಟವರು ತುಂಬಾ ಹೊತ್ತು ಮಾತಾಡಲಿಲ್ಲ. "ಹೌದು ಕಣ್ರೀ," ಅಂದರು ಕೊನೆಗೆ. ಡಿಸೆಂಬರಿನಲ್ಲಿ ಅವರು ಕಂಡದ್ದು ಇದೇ ಹಕ್ಕಿಯೋ ಅಂತ ಹೇಳುವುದಕ್ಕೆ ಬರುವುದಿಲ್ಲ. ಇಬ್ಬರಿಗೂ ಇದೇ ಅನ್ನಿಸಿತು. ನೀರು ಇಳಿಯತೊಡಗಿ ಗುಂಪು ಚೆದುರುವವರೆಗೆ ನೋಡುತ್ತಾ ನಿಂತೆವು.

ಎರಡು ವಾರ ಬಿಟ್ಟು ಅದೇ ಉಬ್ಬರಕ್ಕೆ ಮತ್ತೆ ಹೋದೆ. ದಿಬ್ಬದ ಮೇಲೆ 41 ಗಲ್‌ಗಳಿದ್ದವು. ಎಲ್ಲವೂ ಮೊದಲ ವರ್ಷದವು.