ಉಣುಗಿನ ಕಡಿತ, ಹುಳುಬಾಧೆಯ ಅನುಮಾನ ಮತ್ತು ಗಿಡಮೂಲಿಕೆ: ಅನುಸರಿಸಬೇಕಾದ ಕ್ರಮ

ಉಣುಗು ಕಚ್ಚಿದ ಮೇಲೆ ಶುರುವಾದ ಸುಸ್ತು, ಕೀಲುನೋವು, ತಲೆಭಾರ ವಾರಗಟ್ಟಲೆ ಬಿಡದಿದ್ದಾಗ ಮೈಯೊಳಗೆ ಹುಳು ಸೇರಿರಬಹುದೆಂಬ ಅನುಮಾನ ಹಲವರನ್ನು ಕಾಡುತ್ತದೆ. ವರ್ಮ್‌ವುಡ್ ಎಂಬ ಕಹಿ ಗಿಡ, ಲವಂಗ, ಕಪ್ಪು ಅಕ್ರೋಟಿನ ಸಿಪ್ಪೆ ಬೆರೆಸಿದ ಚೂರ್ಣಗಳು ಆ ಅನುಮಾನಕ್ಕೆ ಉತ್ತರವೆಂಬಂತೆ ಎದುರಾಗುತ್ತವೆ. ಅವುಗಳನ್ನು ಬಾಯಿಗೆ ಹಾಕುವ ಮೊದಲು ಕಾಯಿಲೆ ಯಾವುದೆಂದು ಖಚಿತಪಡಿಸಿಕೊಳ್ಳುವುದು ಅತಿ ಮುಖ್ಯ, ಏಕೆಂದರೆ ಉಣುಗು ಹರಡುವ ಕಾಯಿಲೆಗಳಲ್ಲಿ ಕೆಲವು ತಡಮಾಡಿದಷ್ಟೂ ಬಿಗಡಾಯಿಸುತ್ತವೆ.

ಉಣುಗು ಮನುಷ್ಯನಿಗೆ ದಾಟಿಸುವುದು ಮುಖ್ಯವಾಗಿ ಮೂರು ಬಗೆಯ ಸೂಕ್ಷ್ಮಜೀವಿಗಳನ್ನು: ಲೈಮ್ ಕಾಯಿಲೆಯ ಬೊರೇಲಿಯಾ ಮತ್ತು ಮಚ್ಚೆಜ್ವರಗಳ ರಿಕೆಟ್ಸಿಯಾದಂಥ ಬ್ಯಾಕ್ಟೀರಿಯಾ, ಮಂಗನ ಕಾಯಿಲೆಯಂಥವುಗಳಿಗೆ ಕಾರಣವಾದ ವೈರಸ್, ಕೆಂಪು ರಕ್ತಕಣದೊಳಗೆ ಬೆಳೆಯುವ ಬಬೇಸಿಯಾ ಎಂಬ ಏಕಕೋಶ ಜೀವಿ. ಇವು ಯಾವುವೂ ಹುಳುಗಳಲ್ಲ. ಕೆಲವು ಜಾತಿಯ ಉಣುಗುಗಳ ದೇಹದಲ್ಲಿ ದಾರದಂಥ ಫೈಲೇರಿಯಾ ಹುಳುಗಳು ಕಂಡುಬಂದಿರುವುದು ನಿಜ, ಅಂಥ ಒಂದು ಹುಳು ಮೃದುಕವಚದ ಉಣುಗಿನ ಮೂಲಕ ದಂಶಕಗಳಿಗೆ ಹರಡುವುದೂ ನಿಜ. ಆದರೆ ಉಣುಗಿನ ಕಡಿತದಿಂದ ಮನುಷ್ಯನಿಗೆ ಬರುವ ಹುಳುಬಾಧೆಯೆಂದು ವೈದ್ಯಶಾಸ್ತ್ರದಲ್ಲಿ ನೆಲೆಗೊಂಡ ಕಾಯಿಲೆ ಇಲ್ಲ. ಆನೆಕಾಲು ರೋಗದ ಹುಳು ಸೊಳ್ಳೆಯಿಂದ ಬರುತ್ತದೆ, ದುಂಡುಹುಳು ಮತ್ತು ಕೊಕ್ಕೆಹುಳು ಮಲದಿಂದ ಕೆಟ್ಟ ಮಣ್ಣಿನಿಂದ ಬರುತ್ತವೆ. 1982ರಲ್ಲಿ ವಿಜ್ಞಾನಿ ವಿಲ್ಲಿ ಬರ್ಗ್‌ಡಾರ್ಫರ್ ಗುರುತಿಸಿದ ಲೈಮ್ ಬ್ಯಾಕ್ಟೀರಿಯಾ ಸೂಕ್ಷ್ಮದರ್ಶಕದಲ್ಲಿ ಸುರುಳಿಯಾಗಿ ಹೊರಳಾಡುವುದರಿಂದ ಅದನ್ನೇ ಹುಳುವೆಂದು ತಿಳಿಯುವುದು ಸುಲಭ. ಹುಳು ಕೊಲ್ಲುವ ಔಷಧ, ಅದು ಮೂಲಿಕೆಯಾಗಲಿ ಮಾತ್ರೆಯಾಗಲಿ, ಆ ಬ್ಯಾಕ್ಟೀರಿಯಾಕ್ಕೆ ಚಿಕಿತ್ಸೆಯಾಗುವುದಿಲ್ಲ.

ಉಣುಗು ಇನ್ನೂ ಚರ್ಮಕ್ಕೆ ಕಚ್ಚಿಕೊಂಡಿದ್ದರೆ ಮೊನೆ ಸಣ್ಣಗಿರುವ ಚಿಮಟದಿಂದ ಅದರ ಬಾಯಿಯ ಭಾಗವನ್ನು, ಚರ್ಮಕ್ಕೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರದಲ್ಲಿ ಹಿಡಿದು, ತಿರುಚದೆ ಒಂದೇ ಸಮನೆ ಮೇಲಕ್ಕೆಳೆಯಬೇಕು. ಹೊಟ್ಟೆಯ ಭಾಗವನ್ನು ಹಿಸುಕಬಾರದು. ಎಣ್ಣೆ, ಸೀಮೆಎಣ್ಣೆ, ಬೇವಿನ ರಸ, ಬೆಂಕಿಕಡ್ಡಿಯ ಬಿಸಿ ಯಾವುದನ್ನೂ ತಾಗಿಸಬಾರದು: ಅದಾಗಿಯೇ ಬಿಡಲಿ ಎಂದು ಕಾಯುವಷ್ಟು ಹೊತ್ತೂ ಸೋಂಕು ದಾಟಲು ಅವಕಾಶ ಕೊಟ್ಟಂತಾಗುತ್ತದೆ. ಕಚ್ಚಿದ ಜಾಗವನ್ನು ಸೋಪು ನೀರಿನಿಂದ ತೊಳೆದು, ಉಣುಗನ್ನು ಸಣ್ಣ ಬಾಟಲಿಯಲ್ಲಿ ಮುಚ್ಚಿಟ್ಟು, ಅದರ ಮೇಲೆ ದಿನಾಂಕ ಬರೆದಿಡಿ.

ಆಮೇಲಿನ ಒಂದು ತಿಂಗಳು ಜ್ವರವನ್ನೂ ಚರ್ಮವನ್ನೂ ಗಮನಿಸುತ್ತಿರಬೇಕು. ಲೈಮ್‌ನ ಕೆಂಪು ಮಚ್ಚೆ ಸಾಮಾನ್ಯವಾಗಿ 3ರಿಂದ 30 ದಿನಗಳೊಳಗೆ ಕಾಣಿಸಿಕೊಂಡು ದಿನೇದಿನೇ ಅಗಲವಾಗುತ್ತದೆ. ಅದು ಕೆರೆತವಿಲ್ಲದೆ, ನೋವಿಲ್ಲದೆ ಹರಡುವುದೇ ಹೆಚ್ಚಾದ್ದರಿಂದ ಬೆನ್ನು, ಮಂಡಿಯ ಹಿಂಭಾಗ, ತೊಡೆಸಂದುಗಳನ್ನು ಇನ್ನೊಬ್ಬರಿಂದ ನೋಡಿಸಿಕೊಳ್ಳುವುದು ಒಳ್ಳೆಯದು. ಈ ಹಂತದಲ್ಲಿ ವೈದ್ಯರು ಕೊಡುವ ಡಾಕ್ಸಿಸೈಕ್ಲಿನ್‌ನಂಥ ಪ್ರತಿಜೀವಕದಿಂದ ಬಹುತೇಕರು ಪೂರ್ತಿ ಗುಣವಾಗುತ್ತಾರೆ. ಕ್ರಿಪ್ಟೋಲೆಪಿಸ್, ಜಪಾನಿ ನಾಟ್‌ವೀಡ್ ಮೊದಲಾದ ಗಿಡಗಳ ಸಾರ ಬೊರೇಲಿಯಾವನ್ನು ತಡೆದ 2020ರ ಪ್ರಯೋಗವನ್ನು ಮುಂದಿಟ್ಟು ಮಾತ್ರೆ ಬೇಡವೆನ್ನುವವರಿದ್ದಾರೆ. ಆ ಪ್ರಯೋಗ ನಡೆದದ್ದು ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ, ರೋಗಿಗಳ ಮೇಲಲ್ಲ. ಅದನ್ನು ನಂಬಿ ಪ್ರತಿಜೀವಕವನ್ನು ಮುಂದೂಡುವುದು ಅಪಾಯವೆಂದು ನಾನು ಖಂಡಿತವಾಗಿ ಹೇಳುತ್ತೇನೆ.

ಕಡಿತಕ್ಕೆ ಸಂಬಂಧವಿಲ್ಲದೆಯೂ ಹೊಟ್ಟೆಯಲ್ಲಿ ಹುಳು ಇರಬಹುದು, ಆದ್ದರಿಂದ ಅನುಮಾನವನ್ನು ಪರೀಕ್ಷೆಯಿಂದಲೇ ಬಗೆಹರಿಸಿಕೊಳ್ಳಬೇಕು. ಮೊಟ್ಟೆಗಳು ಪ್ರತಿದಿನವೂ ಸಮನಾಗಿ ಬೀಳುವುದಿಲ್ಲವಾದ್ದರಿಂದ ಬೇರೆ ಬೇರೆ ದಿನಗಳ ಮೂರು ಮಲದ ಮಾದರಿಗಳನ್ನು ಕೊಡುವುದು ರೂಢಿ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಗೆಯ ಬಿಳಿ ರಕ್ತಕಣಗಳು ಏರಿದ್ದರೆ ಅದು ಸುಳಿವು ಮಾತ್ರ, ಏಕೆಂದರೆ ಅಲರ್ಜಿಯಲ್ಲೂ ಅವು ಏರುತ್ತವೆ. ಆನೆಕಾಲಿನ ಫೈಲೇರಿಯಾ ಮರಿಗಳು ಸಾಮಾನ್ಯವಾಗಿ ರಾತ್ರಿ ಹೊತ್ತು ರಕ್ತದಲ್ಲಿ ಹೆಚ್ಚಾಗಿರುವುದರಿಂದ ಆ ಪರೀಕ್ಷೆಗೆ ರಾತ್ರಿಯೇ ರಕ್ತ ತೆಗೆಯುತ್ತಾರೆ.

ಮಲದಲ್ಲಿ ಏನೋ ಕಂಡಿತೆಂದು ಗಾಬರಿಯಾಗುವ ಮುನ್ನ ಅದನ್ನು ಎರಡು ಕಡ್ಡಿಗಳಿಂದ ಬಿಡಿಸಿ ನೋಡಿ. ದುಂಡುಹುಳು ಬಿಳಿಚಾಗಿ, ನುಣುಪಾಗಿ, ಎರಡೂ ತುದಿ ಚೂಪಾಗಿ, ಒಂದು ಗೇಣಿಗಿಂತಲೂ ಉದ್ದವಾಗಿ ಇರಬಲ್ಲದು. ಲಾಡಿಹುಳುವಿನ ತುಂಡುಗಳು ಸೋರೆಬೀಜದಂತೆ ಚಪ್ಪಟೆ. ಎಳೆದಾಗ ಆಕಾರವಿಲ್ಲದೆ ಹರಿದುಹೋಗುವ ಲೋಳೆ ಎಳೆಗಳು ಹುಳುವಲ್ಲ. ‘ಶುದ್ಧಿ’ ಚೂರ್ಣಗಳಲ್ಲಿರುವ ಇಸಬ್‌ಗೋಲ್ ಕರುಳಿನಲ್ಲಿ ಉಬ್ಬಿ ಇಂಥದೇ ಎಳೆಯಾಗಿ ಹೊರಬೀಳುತ್ತದೆ, ಚೂರ್ಣ ಕೆಲಸ ಮಾಡಿತೆಂಬ ಭ್ರಮೆಯೂ ಅಲ್ಲಿಂದಲೇ ಹುಟ್ಟುತ್ತದೆ. ಸಂಶಯ ಉಳಿದರೆ ಸ್ವಚ್ಛ ಡಬ್ಬಿಯಲ್ಲಿ ಹಾಕಿ ಲ್ಯಾಬಿಗೆ ಕೊಡಿ.

ಹುಳು ಇದೆಯೆಂದು ಪರೀಕ್ಷೆ ಹೇಳಿದ ಮೇಲೆ ಮೂಲಿಕೆಯ ಪಾತ್ರವೇನು? ಗಿಡಗಳಿಗೆ ಹುಳುವನ್ನು ಕೊಲ್ಲುವ ಶಕ್ತಿ ಇಲ್ಲವೆಂದು ಯಾರೂ ಹೇಳಲಾರರು. ನೈಜೀರಿಯಾದ 60 ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಣಗಿಸಿದ ಪರಂಗಿ ಬೀಜವನ್ನು ಜೇನಿನಲ್ಲಿ ಪಡೆದವರ ಪೈಕಿ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ಮಕ್ಕಳ ಮಲದಲ್ಲಿ ಪರಾವಲಂಬಿಗಳು ಕಾಣದಾದವು, ಬರೀ ಜೇನು ಪಡೆದವರಲ್ಲಿ ಆ ಪ್ರಮಾಣ ತೀರಾ ಕಡಿಮೆಯಿತ್ತು. ಆಶಾದಾಯಕವಾದರೂ ಅದು ಚಿಕ್ಕ ಅಧ್ಯಯನ. ವಾಯುವಿಳಂಗ ಮತ್ತು ಮುತ್ತುಗದ ಬೀಜ ಆಯುರ್ವೇದದಲ್ಲಿ ಕ್ರಿಮಿಹರವೆಂದು ಹೆಸರಾದವು, ಕುಂಬಳದ ಬೀಜ ಲಾಡಿಹುಳುವಿಗೆ ಹಲವು ನಾಡುಗಳಲ್ಲಿ ಬಳಕೆಯಲ್ಲಿದೆ. ಓಮದಲ್ಲಿರುವ ಥೈಮಾಲ್ ಒಂದು ಶತಮಾನದ ಹಿಂದೆ ಕೊಕ್ಕೆಹುಳುವಿಗೆ ವೈದ್ಯರೇ ಕೊಡುತ್ತಿದ್ದ ಔಷಧ. ಅದೇ ಕಾಲದ ಚೀನೋಪೋಡಿಯಂ ಗಿಡದ ಎಣ್ಣೆ ಹುಳುವನ್ನು ಕೊಂದಂತೆ ಕೆಲವು ರೋಗಿಗಳನ್ನೂ ಕೊಂದಿತು, ಗಂಡು ಜರಿಗಿಡದ ಸಾರ ಕೆಲವರ ಕಣ್ಣು ಕಳೆಯಿತು, ವರ್ಮ್‌ವುಡ್ ಜಾತಿಯ ಗಿಡದಿಂದ ತೆಗೆದ ಸ್ಯಾಂಟೋನಿನ್ ಸೇವಿಸಿದವರಿಗೆ ಜಗತ್ತು ಹಳದಿಯಾಗಿ ಕಂಡಿತು. ಗುಣ ಕಾಣುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆಯಿದ್ದುದರಿಂದಲೇ ಇವು ಹಿಂದೆ ಸರಿದು ಆಲ್ಬೆಂಡಜೋಲ್‌ನಂಥ ಮಾತ್ರೆಗಳು ಬಂದವು.

ಆದುದರಿಂದ ಮೂಲಿಕೆ ತೆಗೆದುಕೊಳ್ಳುವುದೇ ಆದರೆ ನೋಂದಾಯಿತ ಆಯುರ್ವೇದ ವೈದ್ಯರ ಸಲಹೆಯಂತೆ, ಒಂದು ಸಲಕ್ಕೆ ಒಂದೇ ಮೂಲಿಕೆಯನ್ನು, ಹೇಳಿದ ಅವಧಿಗೆ ಮಾತ್ರ ತೆಗೆದುಕೊಳ್ಳಿ. ಹತ್ತಾರು ಗಿಡಗಳ ಮಿಶ್ರಣದಿಂದ ತೊಂದರೆಯಾದರೆ ಕಾರಣ ಯಾವುದೆಂದು ತಿಳಿಯಲು ದಾರಿಯೇ ಇರುವುದಿಲ್ಲ. ಸಾಂದ್ರ ಎಣ್ಣೆಗಳನ್ನು ಕುಡಿಯಲೇಬಾರದು: ವರ್ಮ್‌ವುಡ್ ಎಣ್ಣೆಯಲ್ಲಿರುವ ಥುಜೋನ್ ಎಂಬ ಅಂಶ ಫಿಟ್ಸ್ ತರಬಲ್ಲದು, ಲವಂಗದೆಣ್ಣೆ ಕುಡಿದ ಮಕ್ಕಳ ಲಿವರ್ ಹಾಳಾಗಿದೆ, ಬೇವಿನೆಣ್ಣೆ ಕುಡಿಸಿದ ಹಸುಗೂಸುಗಳು ಪ್ರಜ್ಞೆ ತಪ್ಪಿವೆ. ಗರ್ಭಿಣಿಯರು, ಹಾಲುಣಿಸುವವರು, ಚಿಕ್ಕ ಮಕ್ಕಳು ಮತ್ತು ಲಿವರ್ ತೊಂದರೆ ಇರುವವರಿಗೆ ಈ ಯಾವ ಪ್ರಯೋಗವೂ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಬೆಳ್ಳುಳ್ಳಿಯ ಸಾಂದ್ರ ಗುಳಿಗೆಯಿಂದಲೂ ದೂರವಿರಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ, ವಾಂತಿ ನಿಲ್ಲದಿದ್ದರೆ ಮೂಲಿಕೆಯನ್ನು ಕೂಡಲೇ ನಿಲ್ಲಿಸಿ, ಅದರ ಪೊಟ್ಟಣದೊಂದಿಗೆ ವೈದ್ಯರಲ್ಲಿಗೆ ಹೋಗಿ.

ಚಿಕಿತ್ಸೆ ಯಾವುದೇ ಇರಲಿ, ಎರಡು ಮೂರು ವಾರಗಳ ನಂತರ ಮಲವನ್ನು ಮತ್ತೆ ಪರೀಕ್ಷೆ ಮಾಡಿಸಿ. ಮೊಟ್ಟೆಗಳು ಉಳಿದಿದ್ದರೆ ಮೂಲಿಕೆಯ ಪ್ರಮಾಣವನ್ನು ನೀವೇ ಏರಿಸದೆ ವೈದ್ಯರು ಹೇಳುವ ಮಾತ್ರೆಗೆ ಬದಲಾಗಿ. ಉಣುಗು ಕಚ್ಚಿದವರಲ್ಲಿ ತೀವ್ರ ಜ್ವರ, ಮೈಮೇಲೆ ಚುಕ್ಕೆಗಳು, ಮುಖ ಒಂದು ಕಡೆಗೆ ಸೊಟ್ಟಗಾಗುವುದು, ರಕ್ತಸ್ರಾವ, ಗೊಂದಲದ ಮಾತು ಅಥವಾ ಕಾಲಿನಿಂದ ಮೇಲಕ್ಕೇರುವ ನಿತ್ರಾಣ ಕಂಡರೆ ಅದೇ ದಿನ ಆಸ್ಪತ್ರೆ ಸೇರಬೇಕು. ಕಡೆಯ ಲಕ್ಷಣ ಕಂಡಾಗ ನೆತ್ತಿಯ ಕೂದಲಿನ ಬುಡದಿಂದ ಕಿವಿಯ ಹಿಂದಿನವರೆಗೆ ಹುಡುಕಿ ನೋಡಿ: ಉಣುಗು ಅಲ್ಲಿ ಇನ್ನೂ ಕಚ್ಚಿಕೊಂಡಿದ್ದರೆ, ಅದನ್ನು ಕಿತ್ತ ಮೇಲೆ ಆ ನಿತ್ರಾಣ ಸಾಮಾನ್ಯವಾಗಿ ಇಳಿಯುತ್ತಾ ಬರುತ್ತದೆ.