ಜರ್ಮನಿಗೆ ಹೋಗಿ ಜರ್ಮನ್ನೇ ಓದೋ ಪ್ಲಾನ್: ನನ್ನ ಅನುಭವ

ಬಿಕಾಂ ಮುಗಿಸಿ ಮತ್ತೆ ಜರ್ಮನಿಸ್ಟಿಕ್‌ನಲ್ಲಿ, ಅಂದ್ರೆ ಜರ್ಮನ್ ಭಾಷೆ-ಸಾಹಿತ್ಯದಲ್ಲಿ, ಬಿಎ ಮಾಡ್ತೀನಿ ಅಂದಾಗ ಮನೆಯವರು, ಫ್ರೆಂಡ್ಸು, ಒಬ್ಬ ಕನ್ಸಲ್ಟೆನ್ಸಿಯವನು ಎಲ್ರೂ ನಕ್ಕಿದ್ದೇ. ಜನ ಅಲ್ಲಿಗೆ ಎಂಎಸ್ ಮಾಡೋಕೆ ಹೋಗ್ತಾರೆ, ನೀನು ಜರ್ಮನರ ಜೊತೆ ಜರ್ಮನ್ ಪರೀಕ್ಷೆ ಬರೆಯೋಕೆ ಹೋಗ್ತೀಯಾ ಅಂತ. ಈಗ ಮೊದಲ ಸೆಮಿಸ್ಟರ್ ಮುಗೀತು, ಪಾಸೂ ಆಯ್ತು, ಅದಕ್ಕೇ ಬರೀತಿದೀನಿ. ಜರ್ಮನ್‌ನಲ್ಲಿ ಬಿ2 ಮಟ್ಟ ತಲುಪಿ ಅಪ್ಲಿಕೇಶನ್ ಯೋಚನೆಯಲ್ಲಿರೋರಿಗೆ ಇದು, ಎಪಿಎಸ್ (ನಮ್ಮ ಮಾರ್ಕ್ಸ್‌ಕಾರ್ಡ್ ಅಸಲಿ ಅಂತ ಜರ್ಮನಿ ಕಡೆಯವರು ಕೊಡೋ ಸರ್ಟಿಫಿಕೇಟ್) ಹೇಗೆ ಮಾಡಿಸೋದು ಅಂತೆಲ್ಲ ಇಲ್ಲಿ ಹೇಳಲ್ಲ.

ಯೂನಿವರ್ಸಿಟಿ ಲಿಸ್ಟ್ ಮಾಡುವಾಗ ರ‍್ಯಾಂಕಿಂಗ್ ನೋಡ್ಲೇ ಇಲ್ಲ. ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಊರು, ಮಂಗಳೂರ ಸಮಾಚಾರ ತಂದ ಮೋಗ್ಲಿಂಗ್‌ಗೆ ಗೌರವ ಡಾಕ್ಟರೇಟ್ ಕೊಟ್ಟ ಊರು ಅಂತ ಟ್ಯೂಬಿಂಗನ್ ಮೇಲೆ ಬಹಳ ಆಸೆ ಇತ್ತು. ಆದ್ರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸು, ಆರು ಸೆಮಿಸ್ಟರ್‌ಗೆ 9,000, ಸೆಂಟಿಮೆಂಟಿಗೆ ಅಷ್ಟು ಕೊಡೋ ತಾಕತ್ತು ನಮ್ಮಪ್ಪನ ಹತ್ರ ಇಲ್ಲ, ಟ್ಯೂಬಿಂಗನ್, ಹೈಡೆಲ್‌ಬರ್ಗ್, ಫ್ರೈಬುರ್ಗ್ ಮೂರೂ ಹೊಡೆದು ಹಾಕಿದೆ. ಉಳಿದಿದ್ರಲ್ಲಿ ಜರ್ಮನಿಸ್ಟಿಕ್‌ಗೆ ಎನ್‌ಸಿ ಇಲ್ಲದ, ಅಂದ್ರೆ ಮಾರ್ಕ್ಸ್ ಕಟಾಫ್ ಇಲ್ಲದ ಚಿಕ್ಕ ಊರುಗಳನ್ನ ಹುಡುಕಿದೆ, ಬೇಕಾದಷ್ಟಿವೆ. ನಾನಿರೋ ಊರು ಯಾವ್ದು ಅಂತ ಮಾತ್ರ ಹೇಳಲ್ಲ, ಮುಂದಿನ ವರ್ಷ ತಮ್ಮನೂ ಅಲ್ಲಿಗೇ ಹಾಕ್ತಿದಾನೆ.

ನಿಜವಾದ ತಲೆನೋವು ಟೆಸ್ಟ್‌ಡಾಫ್, ಅಂದ್ರೆ ಯೂನಿವರ್ಸಿಟಿ ಸೇರೋಕೆ ಬರೆಯೋ ಜರ್ಮನ್ ಭಾಷಾ ಪರೀಕ್ಷೆ. ನಾಲ್ಕೂ ಭಾಗದಲ್ಲಿ ಟಿಡಿಎನ್ 4 (3, 4, 5 ಅಂತ ಇರೋ ಗ್ರೇಡಲ್ಲಿ ನಡುವಿನದು) ಬೇಕು, ನಂಗೆ ಮೂರರಲ್ಲಿ ಬಂತು, ಮಾತಾಡೋದ್ರಲ್ಲಿ 3. ಒಂದು ಭಾಗ ಹೋದ್ರೂ ಇಡೀ ಪರೀಕ್ಷೆಗೆ ಮತ್ತೆ ದುಡ್ಡು ಕಟ್ಟಬೇಕು. ಎದುರಿಗೆ ಮನುಷ್ಯರೇ ಇರಲ್ಲ, ಹೆಡ್‌ಫೋನ್ ಹಾಕ್ಕೊಂಡು ಕಂಪ್ಯೂಟರ್ ಜೊತೆ ಮಾತಾಡಬೇಕು, ಏಳು ಪ್ರಶ್ನೆ, ಯೋಚಿಸೋಕೆ ಸ್ವಲ್ಪ ಟೈಮು, ಆಮೇಲೆ ಗಡಿಯಾರ ಓಡ್ತಾನೇ ಇರುತ್ತೆ, ಪಕ್ಕದ ಸೀಟಿನ ಹುಡುಗಿ ಜೋರಾಗಿ ಬೇರೇನೋ ಹೇಳ್ತಿರ್ತಾಳೆ, ನಿಮ್ಮ ಬಾಯಲ್ಲಿ ಬರಬೇಕಾದ ಕ್ರಿಯಾಪದ ಅವಳ ಬಾಯಲ್ಲಿ ಬರುತ್ತೆ. ಅದಾದ್ಮೇಲೆ ಕೋಚಿಂಗ್‌ಗೆ ಒಂದು ಪೈಸೆ ಕೊಡ್ಲಿಲ್ಲ. ದಿನಾ ಬಿಎಂಟಿಸಿ ಬಸ್ಸಲ್ಲಿ, ಅಷ್ಟು ಗಲಾಟೇಲಿ, ಪ್ರಜಾವಾಣಿ ಸಂಪಾದಕೀಯ ಓದಿ ಅದನ್ನ ಎರಡು ನಿಮಿಷದಲ್ಲಿ ಜರ್ಮನ್‌ನಲ್ಲಿ ಹೇಳಿ ಫೋನಲ್ಲಿ ರೆಕಾರ್ಡ್ ಮಾಡ್ತಿದ್ದೆ. ಕಂಡಕ್ಟರ್‌ಗೆ ನಾನು ಯಾರಿಗೋ ಬೈತಿದೀನಿ ಅಂತ ಡೌಟು. ಮುಂದಿನ ಸಲ ಮಾತಾಡೋದ್ರಲ್ಲೇ 5 ಬಂತು!

ದುಡ್ಡಿನ ಲೆಕ್ಕ, ನೆನಪಿದ್ದಷ್ಟು: ಎಪಿಎಸ್‌ಗೆ 18,000 ರೂಪಾಯಿ, ಯೂನಿವರ್ಸಿಟಿಗಳ ಪರವಾಗಿ ಅಪ್ಲಿಕೇಶನ್ ನೋಡೋ ಯೂನಿ-ಅಸಿಸ್ಟ್‌ಗೆ ಮೊದಲನೇದಕ್ಕೆ 75 ಯೂರೋ ಆಮೇಲಿನ ಒಂದೊಂದಕ್ಕೂ 30, ವೀಸಾಗೆ ಇನ್ನೊಂದು 75. ಇವೆಲ್ಲ ಚಿಲ್ಲರೆ. ಬ್ಲಾಕ್ಡ್ ಅಕೌಂಟ್‌ಗೆ (ಖರ್ಚಿಗೆ ದುಡ್ಡಿದೆ ಅಂತ ತೋರಿಸೋಕೆ ವೀಸಾಗೆ ಮೊದಲೇ ಇಡೋ ಹಣ) 11,904 ಯೂರೋ, ಅಂದ್ರೆ 11 ಲಕ್ಷದ ಹತ್ರ, ಅದಕ್ಕೇ ಅಪ್ಪ ಸೈಟ್ ಮಾರೋ ಮಾತು ತೆಗೆದಿದ್ದು. ಆ ದುಡ್ಡು ತಿಂಗಳಿಗೆ 992ರ ಹಾಗೆ ವಾಪಸ್ ನಮ್ಮ ಕೈಗೇ ಬರುತ್ತೆ ಅಂತ ಅವರಿಗೆ ಅರ್ಥ ಮಾಡಿಸೋಕೆ ಒಂದು ತಿಂಗಳು ಹಿಡೀತು, ಕೊನೆಗೆ ಅರ್ಧ ಚಿಕ್ಕಪ್ಪ ಕೊಟ್ರು, ಸೈಟ್ ಉಳೀತು. ಇಲ್ಲಿ ಹಾಸ್ಟೆಲ್ ರೂಮು 300 ಚಿಲ್ಲರೆ, ಇನ್ಶೂರೆನ್ಸ್ 140-150, ಅಡುಗೆ ನಾನೇ, ವೀಕೆಂಡ್ ಬೇಕರಿ ಕೆಲಸ, ತಿಂಗಳ ಕೊನೆಗೆ ನೂರಿನ್ನೂರು ಉಳಿಯುತ್ತೆ.

ಮೋಟಿವೇಶನ್ ಲೆಟರ್ ಕಳಿಸಿ ಅಂತ ಕೇಳೋರಿಗೆ: ಕಳಿಸಲ್ಲ. ಕಿಟ್ಟೆಲ್ ನಿಘಂಟಿನ ವಿಷಯ ಅದರಲ್ಲಿತ್ತು, ಅದನ್ನ ನೇಬನ್‌ಫಾಖ್‌ಗೆ, ಅಂದ್ರೆ ಜೊತೆಗೆ ಓದೋ ಎರಡನೇ ಸಬ್ಜೆಕ್ಟ್‌ಗೆ, ಹೇಗೆ ಜೋಡಿಸಿದೆ ಅನ್ನೋದು ನನ್ನ ಹತ್ರಾನೇ ಇರಲಿ. ಆದ್ರೆ ಮೇನ್ ಸಬ್ಜೆಕ್ಟ್‌ಗಿಂತ ಮೊದಲು ನೇಬನ್‌ಫಾಖ್ ಗಟ್ಟಿ ಮಾಡ್ಕೊಳ್ಳಿ, ನಾನು ಇಂಡಾಲಜಿ (ಭಾರತದ ಭಾಷೆ-ಸಂಸ್ಕೃತಿಯ ಓದು) ತಗೊಂಡೆ, ವ್ಯೂರ್ಟ್ಸ್‌ಬುರ್ಗ್‌ನಲ್ಲಂತೂ ಕನ್ನಡವನ್ನೇ ಕಲಿಸ್ತಾರೆ.

ಇನ್ನೊಂದು, ಯಾರೂ ಮೊದಲೇ ಹೇಳಲ್ಲ: ಜರ್ಮನಿಸ್ಟಿಕ್ ಅಂದ್ರೆ ಮೂರನೇ ಒಂದು ಭಾಗ ಮಧ್ಯಯುಗದ ಜರ್ಮನ್. ಅಲ್ಲಿ ಜರ್ಮನ್ ಹುಡುಗರೂ ಕಕ್ಕಾಬಿಕ್ಕಿ, ಎಲ್ರೂ ಒಂದೇ ದೋಣಿ. ನಾನು ಹೊರಡೋ ಮುಂಚೆ ಬೇಸಿಗೆಯಲ್ಲಿ ಸುಮ್ನೆ ಒಂದು ಪ್ರಯೋಗ ಅಂತ ಎಡಗಡೆ ನಿಬೆಲುಂಗೆನ್‌ಲೀಡ್ ಅನ್ನೋ ಮಧ್ಯಯುಗದ ಜರ್ಮನ್ ಮಹಾಕಾವ್ಯ, ಬಲಗಡೆ ಹಳಗನ್ನಡ ವ್ಯಾಕರಣ ಇಟ್ಕೊಂಡು ಓದಿದ್ದೆ. ಭಾಷೆ ಬೇರೆ ಕುಲದ್ದು, ನಿಯಮಗಳೂ ಬೇರೆ, ಆದ್ರೆ ಶಬ್ದ ಕಾಲಕ್ಕೆ ತಕ್ಕ ಹಾಗೆ ನಿಯಮಬದ್ಧವಾಗಿ ಬದಲಾಗುತ್ತೆ ಅನ್ನೋದು ಪಿಯುಸಿ ಕನ್ನಡ ಮೇಷ್ಟ್ರ ಪುಣ್ಯದಿಂದ ತಲೇಲಿತ್ತು. ಫೆಬ್ರವರಿ ಪರೀಕ್ಷೆಯಲ್ಲಿ 2.0 ಬಂತು (ಇಲ್ಲಿ ಅಂಕಿ ಕಮ್ಮಿ ಇದ್ದಷ್ಟೂ ಒಳ್ಳೇದು), ನನ್ನ ಜೊತೆ ಕೂತು ಓದಿದ ಲೋಕಲ್ ಹುಡುಗನಿಗೆ 3.3, ಈಗ ಅವನು ನೋಟ್ಸ್ ನನ್ನ ಹತ್ರ ಕೇಳ್ತಾನೆ.

ವಿಂಟರ್ ಸೆಮಿಸ್ಟರ್‌ಗೆ ಹಾಕೋರಿಗೆ ಸಾಮಾನ್ಯವಾಗಿ ಜುಲೈ 15 ಕಡೇ ದಿನ, ಎಪಿಎಸ್ ಕೈಗೆ ಬರದೆ ವೀಸಾ ಮುಂದೆ ಹೋಗಲ್ಲ, ಅದನ್ನ ಭಾಷೆ ಪರೀಕ್ಷೆಗಿಂತ ಮೊದಲೇ ಹಾಕಿಬಿಡಿ.