ಜೋಳದ ಕಣಿಕೆಯಲ್ಲಿ ಕಟ್ಟಿದ ಆರ್ಸೆನೇಟ್ ಖನಿಜ

ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಭೂವಿಜ್ಞಾನ ಪಾಠ ಮಾಡುತ್ತೇನೆ. ರಷ್ಯಾದ ಕಮ್ಚಾಟ್ಕಾದಲ್ಲಿ ಟೋಲ್ಬಾಚಿಕ್ ಅಂತ ಒಂದು ಜ್ವಾಲಾಮುಖಿ ಇದೆ. ಅಲ್ಲಿ ಬಿಸಿ ಅನಿಲ ಹೊರಬರುವ ಬಿರುಕುಗಳಲ್ಲಿ, ಅಂದರೆ ಫ್ಯೂಮರೋಲ್‌ಗಳಲ್ಲಿ, ಹುಟ್ಟುವ ಆರ್ಸೆನೇಟ್ (ಆರ್ಸೆನಿಕ್ ಮತ್ತು ಆಕ್ಸಿಜನ್ ಕೂಡಿದ ಗುಂಪು ಇರುವ) ಖನಿಜಗಳನ್ನು ಇಲ್ಲೇ ಕೂತು ಹೇಗೆ ಓದಿದೆ, ಹುಡುಗರಿಗೆ ಹೇಗೆ ತೋರಿಸಿದೆ ಅನ್ನೋದನ್ನು ಬರೆಯುತ್ತಿದ್ದೇನೆ. ಇವುಗಳ ಸ್ಯಾಂಪಲ್ ನಮ್ಮಂಥ ಕಾಲೇಜಿಗೆ ಸಿಗೋದಿಲ್ಲ. ಸಿಕ್ಕರೂ ಹರಳುಗಳು ತೀರಾ ಸಣ್ಣವು, ಮೇಲಾಗಿ ಆರ್ಸೆನಿಕ್, ಕ್ಲಾಸಿನಲ್ಲಿ ಕೈಯಿಂದ ಕೈಗೆ ದಾಟಿಸುವ ವಸ್ತುವಲ್ಲ. ಆದರೆ ಅವುಗಳ ಒಳಗೆ ಪರಮಾಣುಗಳು ಹೇಗೆ ಕೂತಿವೆ ಅನ್ನೋದನ್ನು ಯಾರು ಬೇಕಾದರೂ ನೋಡಬಹುದು. ದುಡ್ಡೂ ಬೇಡ.

ಮೊದಲು ಜಾಗದ ವಿಷಯ. 1975ರ ಜುಲೈಯಿಂದ 1976ರ ಡಿಸೆಂಬರ್‌ವರೆಗೆ ಟೋಲ್ಬಾಚಿಕ್ ಪಕ್ಕದ ನೆಲ ಉದ್ದಕ್ಕೆ ಬಿರಿದು ಬಸಾಲ್ಟ್, ಅಂದರೆ ಆರಿದರೆ ಕರಿಕಲ್ಲಾಗುವ ಲಾವಾ, ಉಕ್ಕಿತು. ಆಗ ಎದ್ದ ಗುಡ್ಡಗಳಲ್ಲಿ ಎರಡನೆಯದರ ಮೇಲೆ ಇವತ್ತಿಗೂ ಫ್ಯೂಮರೋಲ್‌ಗಳು ಜೀವಂತ ಇವೆ. 2012ರಲ್ಲಿ ರಷ್ಯಾದ ಖನಿಜತಜ್ಞ ಇಗೋರ್ ಪೆಕೋವ್ ಮತ್ತು ಜೊತೆಗಾರರು ಅಲ್ಲಿ ಆರ್ಸೆನಾತ್ನಾಯಾ ಅನ್ನುವ ಫ್ಯೂಮರೋಲ್ ಗುರುತಿಸಿದರು. ಎಲ್ಲೂ ಕಂಡಿರದ ಆರ್ಸೆನೇಟ್‌ಗಳು ಒಂದರ ಹಿಂದೆ ಒಂದು ಅಲ್ಲಿಂದ ಬಂದವು. ಅದರ ಬಿರುಕಿನೊಳಗೆ 500 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖ ಅಳೆದಿದ್ದಾರೆ. ಅನಿಲಕ್ಕೆ ಗಾಳಿ ಬೆರೆಯುವುದರಿಂದ ಆಕ್ಸಿಜನ್‌ಗೆ ಬರವಿಲ್ಲ, ಹಾಗಾಗಿ ಆರ್ಸೆನಿಕ್ ಸುತ್ತ ನಾಲ್ಕು ಆಕ್ಸಿಜನ್ ಕೂತು ಆರ್ಸೆನೇಟ್ ಆಗುತ್ತದೆ.

ಅನಿಲದಿಂದ ನೇರ ಹರಳಾಗುವುದನ್ನು ತೋರಿಸಲು ನಾನು ಕರ್ಪೂರ ತೆಗೆದುಕೊಂಡೆ. ಸ್ಟೀಲ್ ಬಟ್ಟಲಲ್ಲಿ ಕರ್ಪೂರ ಹಾಕಿ, ಅದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಮೇಲೆ ತಣ್ಣೀರು ತುಂಬಿದ ತಟ್ಟೆ ಮುಚ್ಚಬೇಕು. ಹತ್ತಿರ ಬೆಂಕಿ ಬೇಡವೇ ಬೇಡ. ಸ್ವಲ್ಪ ಹೊತ್ತಾದ ಮೇಲೆ ತಟ್ಟೆಯ ತಳದಲ್ಲಿ ಬಿಳಿ ಹರಳು ಹಿಡಿದಿರುತ್ತದೆ. ಆದರೆ ಇಲ್ಲಿ ಕರ್ಪೂರ ಹೋಗಿ ಕರ್ಪೂರವೇ ಬಂತು. ಫ್ಯೂಮರೋಲ್‌ನಲ್ಲಿ ಕತೆ ಇಷ್ಟಕ್ಕೇ ಮುಗಿಯೋದಿಲ್ಲ. ಆರ್ಸೆನಿಕ್, ತಾಮ್ರ, ಸತು, ಸೋಡಿಯಂ, ಪೊಟ್ಯಾಸಿಯಂ ಅನಿಲದ ಜೊತೆ ಬರುತ್ತವೆ. ಅಲ್ಯೂಮಿನಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಅಷ್ಟು ಸುಲಭಕ್ಕೆ ಆವಿಯಾಗುವುದಿಲ್ಲ. ಅವನ್ನು ಕೊಡುವುದು ಬಿರುಕಿನ ಗೋಡೆಯ ಬಸಾಲ್ಟ್. ನನಗೆ ಈ ಖನಿಜಗಳಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದೇ. ಸೂತ್ರ ನೋಡಿದರೆ ಸಾಕು, ಯಾವುದು ಅನಿಲದ್ದು, ಯಾವುದು ಕಲ್ಲಿನದು ಅಂತ ಬೇರೆ ಮಾಡಿ ಹೇಳಬಹುದು.

ಅಲಾರ್ಸೈಟ್ ಇದಕ್ಕೆ ಒಳ್ಳೆ ಉದಾಹರಣೆ. ಒಂದು ಅಲ್ಯೂಮಿನಿಯಂ, ಒಂದು ಆರ್ಸೆನಿಕ್, ನಾಲ್ಕು ಆಕ್ಸಿಜನ್, ಅಷ್ಟೇ. ರಚನೆ ನಮ್ಮ ಸಾಮಾನ್ಯ ಕ್ವಾರ್ಟ್ಜ್‌ನದೇ, ಅದರಲ್ಲಿರುವುದು ಸಿಲಿಕಾನ್ ಮತ್ತು ಆಕ್ಸಿಜನ್. ಸಿಲಿಕಾನ್ ಚಾರ್ಜ್ ನಾಲ್ಕು, ಎರಡು ಸೇರಿದರೆ ಎಂಟು. ಅಲ್ಯೂಮಿನಿಯಂ ಮೂರು, ಆರ್ಸೆನಿಕ್ ಐದು, ಅದೂ ಎಂಟು. ಲೆಕ್ಕ ಸರಿಹೋಯಿತಲ್ವಾ? ಎರಡು ಸಿಲಿಕಾನ್ ಎದ್ದುಹೋದ ಜಾಗದಲ್ಲಿ ಇವೆರಡು ಬಂದು ಕೂತಿವೆ.

ಅಮೆರಿಕನ್ ಮಿನರಾಲಜಿಸ್ಟ್ ಕ್ರಿಸ್ಟಲ್ ಸ್ಟ್ರಕ್ಚರ್ ಡೇಟಾಬೇಸ್‌ನಲ್ಲಿ ಖನಿಜದ ಹೆಸರು ಹಾಕಿದರೆ ಪರಮಾಣುಗಳ ಜಾಗ ಬರೆದಿಟ್ಟ ಸಿಐಎಫ್ ಫೈಲ್ ಸಿಗುತ್ತದೆ. ಅದನ್ನು ವೆಸ್ಟಾ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದು ತಿರುಗಿಸಿ ನೋಡಬಹುದು. ಆದರೆ ಪರದೆಯ ಮೇಲೆ ತಿರುಗುವುದನ್ನು ನೋಡಿದರೆ ಹುಡುಗರಿಗೆ ಅರ್ಥವಾದ ಹಾಗೆ ಅನಿಸುತ್ತದೆ, ಕೈಯಲ್ಲಿ ಕಟ್ಟಿದಾಗಲೇ ನಿಜಕ್ಕೂ ತಲೆಗೆ ಹೋಗುವುದು. ನಮ್ಮ ಕಡೆ ಹಿಂಗಾರಿ ಜೋಳ ಕಟಾವಾದ ಮೇಲೆ ಕಣಿಕೆಗೆ ಏನು ಕಮ್ಮಿ? ಚಿಕ್ಕವರಿದ್ದಾಗ ಅದರಲ್ಲೇ ಬಂಡಿ ಮಾಡಿ ಆಡಿದವರು ನಾವು. ಒಳಗಿನ ಬೆಂಡು ಕತ್ತರಿಸಿದರೆ ಪರಮಾಣು, ಮೇಲಿನ ಗಟ್ಟಿ ಸಿಪ್ಪೆ ಸೀಳಿದರೆ ಕಡ್ಡಿ. ಒಂದು ಆಂಗ್‌ಸ್ಟ್ರಾಮಿಗೆ (ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು) 3 ಸೆಂಟಿಮೀಟರ್ ಅಂತ ಅಳತೆ ಇಟ್ಟುಕೊಂಡೆವು. ಆಗ ಸಿಲಿಕಾನ್–ಆಕ್ಸಿಜನ್ ಕಡ್ಡಿ ಸುಮಾರು 4.8 ಸೆಂಟಿಮೀಟರ್, ಆರ್ಸೆನಿಕ್–ಆಕ್ಸಿಜನ್ 5ರ ಆಸುಪಾಸು, ಅಲ್ಯೂಮಿನಿಯಂನದು 5.2. ಸಿಲಿಕಾನ್ ಬೆಂಡನ್ನು ಹಾಗೇ ಬಿಳಿ ಬಿಟ್ಟು ಮೊದಲು ಕ್ವಾರ್ಟ್ಜ್ ಕಟ್ಟಿಸಿದೆ. ಆಮೇಲೆ ಆರ್ಸೆನಿಕ್‌ಗೆ ಕುಂಕುಮ, ಅಲ್ಯೂಮಿನಿಯಂಗೆ ಅರಿಶಿನ ಹಚ್ಚಿ ಅಲಾರ್ಸೈಟ್. ಪ್ರತಿ ಕೆಂಪು ಬೆಂಡಿನ ನೆರೆಯಲ್ಲಿ ನಾಲ್ಕೂ ಹಳದಿಯೇ ಬರಬೇಕು. ಹಾಗೆ ಮಾಡುತ್ತಾ ಮೇಲಕ್ಕೆ ಹೋದರೆ, ಕ್ವಾರ್ಟ್ಜ್‌ನಲ್ಲಿ ಅದೇ ಜೋಡಣೆ 16 ಸೆಂಟಿಮೀಟರಿಗೆ ಮರಳಿ ಬಂದರೆ ಇದಕ್ಕೆ 34 ಸೆಂಟಿಮೀಟರ್ ಬೇಕಾಗುತ್ತದೆ. ಎರಡು ಬಣ್ಣ ಸರದಿಯಲ್ಲಿ ಬರುವುದರಿಂದ ಎತ್ತರ ದುಪ್ಪಟ್ಟು ಆಯಿತು ಅಂತ ಹುಡುಗರೇ ಹೇಳಿದರು. ನಾನು ಬಾಯಿ ಬಿಡಲಿಲ್ಲ.

ಆಳಂದ ಕಡೆಯ ಒಬ್ಬ ಹುಡುಗ ಕೇಳಿದ: "ಸರ್, ನಮ್ಮ ಹೊಲದಾಗಿನ ಕರಿಕಲ್ಲೂ ಬಸಾಲ್ಟೇ ಅಲ್ರಿ? ಹಂಗಾದ್ರ ಇಲ್ಲ್ಯಾಕ ಸಿಗಂಗಿಲ್ಲ?" ಒಳ್ಳೆ ಪ್ರಶ್ನೆ. ದಖನ್ನಿನ ಲಾವಾ ಕೂಡ ಬಿರುಕುಗಳಿಂದಲೇ ಉಕ್ಕಿದ್ದು. ಆದರೆ ಅದಾಗಿ ಸುಮಾರು 6.6 ಕೋಟಿ ವರ್ಷ ಆಯಿತು. ಫ್ಯೂಮರೋಲ್ ಖನಿಜ ಅಂದರೆ ಮೇಲ್ಮೈಯ ಬಿರುಕಿಗೆ ಹಿಡಿದ ತೆಳು ಪದರ, ಮಳೆ ಗಾಳಿಗೆ ಅದು ಎಷ್ಟು ದಿನ ಉಳಿದೀತು? ಬಾವಿ ತೋಡಿದಾಗ ನಮ್ಮ ಕರಿಕಲ್ಲಿನ ಪೊಟರೆಗಳಲ್ಲಿ ಕಾಣುವ ಜಿಯೋಲೈಟ್, ಕ್ಯಾಲ್ಸೈಟ್, ಕ್ವಾರ್ಟ್ಜ್ ಎಲ್ಲ ಆಮೇಲೆ ನೀರು ತಂದು ತುಂಬಿದವು.

ಆರ್ಸೆನಿಕ್ ಅಂದ ಕೂಡಲೇ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸಿಕ್ಕ ಸುದ್ದಿ ನಮ್ಮ ಭಾಗದವರಿಗೆಲ್ಲ ಗೊತ್ತು. ಅದನ್ನು ಹಗುರವಾಗಿ ದಾಟಿಸಬಾರದು. ಚಿನ್ನದ ಅದಿರಿನ ಜೊತೆ ಬರುವ ಆರ್ಸೆನೋಪೈರೈಟ್‌ನಲ್ಲಿ ಆರ್ಸೆನಿಕ್ ಕಬ್ಬಿಣ ಮತ್ತು ಗಂಧಕದ ಜೊತೆ ಇರುತ್ತದೆ. ಗಾಳಿ ನೀರು ತಾಗಿದಾಗ ಅದು ಸಡಿಲವಾಗಿ ಆಕ್ಸಿಜನ್ ಹಿಡಿದು ನೀರಿಗೆ ಇಳಿಯಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮಿತಿ. ನೀರಿನಲ್ಲಿ ಓಡಾಡುವುದೂ ಜಾಸ್ತಿ ಅದೇ ಆರ್ಸೆನೇಟ್ ರೂಪದಲ್ಲೇ, ಇಲ್ಲವೇ ಒಂದು ಆಕ್ಸಿಜನ್ ಕಮ್ಮಿ ಇರುವ ಆರ್ಸೆನೈಟ್ ರೂಪದಲ್ಲಿ. ಹುಡುಗರು ಬೆಂಡಿನಲ್ಲಿ ಕಟ್ಟಿದ ಗುಂಪು ಅವರ ಜಿಲ್ಲೆಯ ಬೋರ್‌ವೆಲ್‌ನಲ್ಲೂ ಇರಬಹುದಾದದ್ದು.

ನೀವೂ ಮಾಡುವುದಾದರೆ ಅಲಾರ್ಸೈಟ್‌ನಿಂದ ಶುರು ಮಾಡಿ, ಆಮೇಲೆ ಲ್ಯಾಮೆರೈಟ್. ಅದರಲ್ಲಿ ಇರುವುದು ಬರೀ ತಾಮ್ರ ಮತ್ತು ಆರ್ಸೆನೇಟ್. ತಾಮ್ರದ ಕೆಲವು ಕಡ್ಡಿ ಗಿಡ್ಡ, ಕೆಲವು ಉದ್ದ, ಎಲ್ಲ ಒಂದೇ ಅಳತೆಗೆ ಕತ್ತರಿಸಬೇಡಿ. ಕೈ ಕುದುರಿದ ಮೇಲೆ ಎರಿಕ್‌ಲಕ್ಸ್‌ಮನೈಟ್, ಕೊಝಿರೆವ್ಸ್ಕೈಟ್ ಜೋಡಿ ತೆಗೆದುಕೊಳ್ಳಿ. ಎರಡಕ್ಕೂ ಸೂತ್ರ ಒಂದೇ, ಜೋಡಣೆ ಬೇರೆ. ಎರಡರಲ್ಲೂ ಆರ್ಸೆನಿಕ್‌ಗೆ ಅಂಟದ ಒಂದು ಆಕ್ಸಿಜನ್ ಇದೆ, ಅದರ ಸುತ್ತ ನಾಲ್ಕು ತಾಮ್ರ. ಆ ನಾಲ್ಕರ ಗುಂಪನ್ನು ಮೊದಲು ಕಟ್ಟಿಟ್ಟುಕೊಂಡು ಆರ್ಸೆನೇಟ್‌ಗಳನ್ನು ಆಮೇಲೆ ಸಿಕ್ಕಿಸಿದರೆ ಕೆಲಸ ಸುಲಭ.